ಗುರುತು ನೋಡಿ, ಆಮೇಲೆ ಹೌಸಿಂಗ್ ಮುಚ್ಚಿ

ಕೇಳುಗರಿಗೆ ನಮಸ್ಕಾರ. ಪಿಕಪ್ ಓಡಿಸುವವರಿಗೂ ಅದನ್ನು ರಿಪೇರಿ ಮಾಡುವವರಿಗೂ ಸೇರಿಸಿಯೇ ಇವತ್ತು ಮಾತಾಡುತ್ತೇನೆ. ಹಿಂದಿನ ಚಕ್ರಗಳ ನಡುವಿನ ಆಕ್ಸಲ್ ಹೌಸಿಂಗ್ ಒಳಗೆ ಎರಡು ಮುಖ್ಯ ಗೇರ್ ಇರುತ್ತವೆ, ಚಕ್ರ ತಿರುಗಿಸುವ ದೊಡ್ಡ ಕ್ರೌನ್ ಮತ್ತು ಎಂಜಿನ್ ಕಡೆಯಿಂದ ಅದನ್ನು ತಿರುಗಿಸುವ ಸಣ್ಣ ಪಿನಿಯನ್. ಅವು ಸವೆದಾಗ ಹೊಸದು ಯಾವುದನ್ನು ತರಬೇಕು, ಹೇಗೆ ಕೂರಿಸಬೇಕು ಅನ್ನುವುದೇ ವಿಷಯ. ಮುಖ್ಯವಾದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಗೇರ್ ಹಲ್ಲಿಗೆ ಬಣ್ಣ ಹಚ್ಚಿ, ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆ ಅನ್ನುವ ಗುರುತು ನೋಡದೆ ಹೌಸಿಂಗ್ ಮುಚ್ಚಬೇಡಿ.

ಮೊದಲು ಆಯ್ಕೆ. ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 11 ಹಲ್ಲು ಇದೆ ಅಂದುಕೊಳ್ಳಿ. 41ನ್ನು 11ರಿಂದ ಭಾಗಿಸಿದರೆ 3.73. ಅದೇ ರೇಶಿಯೋ. ಪಿನಿಯನ್ 3.73 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಈ ಸಂಖ್ಯೆ ದೊಡ್ಡದಾದಷ್ಟೂ ಗಾಡಿಗೆ ಎಳೆಯುವ ಶಕ್ತಿ ಜಾಸ್ತಿ. ಆದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು, ಹೆದ್ದಾರಿಯಲ್ಲಿ ಇಂಧನವೂ ಹೆಚ್ಚು ಬೇಕು.

ದೊಡ್ಡ ಟೈರ್ ಹಾಕಿದ ಮೇಲೆ ಗಾಡಿ ಏರಿನಲ್ಲಿ ಸುಸ್ತಾಗುತ್ತದೆ, ಅಲ್ವಾ? ಎಂಜಿನ್ ಸರಿಯಾಗಿಯೇ ಇರುತ್ತದೆ, ರೇಶಿಯೋ ಸಾಲುತ್ತಿರುವುದಿಲ್ಲ. 28 ಇಂಚು ಎತ್ತರದ ಟೈರ್ ತೆಗೆದು 31 ಇಂಚಿನದು ಹಾಕಿದ್ದೀರಿ ಅನ್ನಿ. 31ನ್ನು 28ರಿಂದ ಭಾಗಿಸಿ, 3.73ರಿಂದ ಗುಣಿಸಿ. 4.13 ಬರುತ್ತದೆ. ಅದಕ್ಕೆ ಹತ್ತಿರದ್ದು 4.10, ಅಂದರೆ 41ಕ್ಕೆ 10 ಹಲ್ಲು. ನಾಲ್ಕು ಚಕ್ರಕ್ಕೂ ಡ್ರೈವ್ ಇರುವ ಗಾಡಿಯಾದರೆ ಮುಂದಿನ ಆಕ್ಸಲ್‌ಗೂ ಅದೇ ರೇಶಿಯೋ ಬೇಕು. ಇಲ್ಲದಿದ್ದರೆ ಮುಂದಿನ ಚಕ್ರ ಒಂದು ಲೆಕ್ಕ, ಹಿಂದಿನ ಚಕ್ರ ಇನ್ನೊಂದು ಲೆಕ್ಕ ಹಿಡಿದು ಒಳಗಿನ ಗೇರ್ ಮುರಿಯಬಹುದು.

ಮತ್ತೆ, ಕ್ರೌನ್ ಒಂದು ಗಾಡಿಯದು, ಪಿನಿಯನ್ ಇನ್ನೊಂದು ಗಾಡಿಯದು ಜೋಡಿಸಬೇಡಿ. ಕಾರ್ಖಾನೆಯಲ್ಲಿ ಆ ಎರಡನ್ನೂ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಎರಡರ ಮೇಲೂ ಒಂದೇ ನಂಬರ್ ಕೆತ್ತಿದೆಯಾ ಅಂತ ಕೊಳ್ಳುವಾಗಲೇ ನೋಡಿ.

ಈಗ ಕೂರಿಸುವ ಕೆಲಸ. ನಾನು ಕೆಲಸ ಕಲಿಯುತ್ತಿದ್ದ ದಿನಗಳದ್ದು ಒಂದು ಘಟನೆ ಇದೆ. ಲೋಡ್ ಹೊಡೆಯುವ ಪಿಕಪ್ ಒಂದು ಬಂತು. ಕ್ರೌನ್ ಹಲ್ಲು ಕಿತ್ತುಹೋಗಿತ್ತು. ಹೊಸ ಜೋಡಿ ತರಿಸಿದೆವು, ಬೇರಿಂಗ್ ಎಲ್ಲ ಹೊಸದು. ಮಾಲೀಕರಿಗೆ ಬೆಳಿಗ್ಗೆ ಗಾಡಿ ಬೇಕೇ ಬೇಕು. ಪಿನಿಯನ್ ತಲೆಗೂ ಅದರ ಬೇರಿಂಗ್‌ಗೂ ನಡುವೆ ಒಂದು ಶಿಮ್, ಅಂದರೆ ತೆಳುವಾದ ಲೋಹದ ಬಳೆ ಇರುತ್ತದೆ. ಪಿನಿಯನ್ ಎಷ್ಟು ಒಳಗೆ ಕೂರಬೇಕು ಅನ್ನುವುದನ್ನು ಅದರ ದಪ್ಪವೇ ತೀರ್ಮಾನಿಸುತ್ತದೆ. ನಾನು ಹಳೆಯ ಶಿಮ್ಮನ್ನೇ ಹಾಕಿದೆ. ಕ್ರೌನ್ ಕೂರಿಸಿ ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್ ನೋಡಿದೆ. ಎರಡು ಹಲ್ಲುಗಳ ನಡುವಿನ ಆ ಸಣ್ಣ ಸಡಿಲ 0.15ರಿಂದ 0.25 ಮಿಲಿಮೀಟರ್ ಒಳಗೆ ಇರಬೇಕು. ನನ್ನದು 0.20 ಬಂತು. ಸರಿಯಾಗಿದೆ ಅಂತ ಖುಷಿಯಿಂದ ಮುಚ್ಚಿಬಿಟ್ಟೆ. ಬಣ್ಣ ಹಚ್ಚಲಿಲ್ಲ.

ನಾಲ್ಕೇ ದಿನಕ್ಕೆ ಗಾಡಿ ವಾಪಸ್ ಬಂತು. ನಾನೇ ಓಡಿಸಿ ನೋಡಿದೆ. ಆಕ್ಸಿಲರೇಟರ್ ಒತ್ತಿದರೆ ಹಿಂದಿನಿಂದ ಊಳಿಡುವ ಸದ್ದು, ಬಿಟ್ಟರೆ ಮೌನ. ಗುರುಗಳು ಒಂದು ಮಾತೂ ಬೈಯಲಿಲ್ಲ. ಹೌಸಿಂಗ್ ಬಿಚ್ಚಿಸಿ, ಕ್ರೌನ್‌ನ ನಾಲ್ಕು ಹಲ್ಲಿಗೆ ಬ್ರಷ್ಷಿನಲ್ಲಿ ಹಳದಿ ಬಣ್ಣ ಹಚ್ಚಿದರು. ಒಂದು ಕೈಯಲ್ಲಿ ಕ್ರೌನನ್ನು ಒತ್ತಿ ತಡೆದುಕೊಂಡು ಪಿನಿಯನ್ ತಿರುಗಿಸಿದರು. ಬಣ್ಣ ಅಳಿಸಿದ ಗುರುತು ಹಲ್ಲಿನ ನಡುವೆ ಇರಲಿಲ್ಲ, ಪೂರ್ತಿ ಮೇಲಿನ ಅಂಚಿನಲ್ಲಿತ್ತು. ಹೊಸ ಪಿನಿಯನ್‌ಗೆ ಹಳೆಯ ಶಿಮ್ ತೆಳುವಾಗಿತ್ತು, ಪಿನಿಯನ್ ಹೊರಗೇ ನಿಂತುಬಿಟ್ಟಿತ್ತು. ಕ್ರೌನನ್ನು ಪಕ್ಕಕ್ಕೆ ಸರಿಸಿ ನಾನು ಬ್ಯಾಕ್‌ಲ್ಯಾಶ್ ತಂದುಕೊಂಡಿದ್ದೆ, ಅಷ್ಟೆ. ನಾಲ್ಕು ದಿನದ ಲೋಡಿನಲ್ಲಿ ಆ ಅಂಚುಗಳು ಸವೆದುಹೋಗಿದ್ದವು. ಹೊಸ ಜೋಡಿ ಪೂರ್ತಿ ಹಾಳು. ಇನ್ನೊಂದು ತರಿಸಬೇಕಾಯಿತು.

ಗಮನಿಸಿ, ಬ್ಯಾಕ್‌ಲ್ಯಾಶ್ ಸರಿ ಇತ್ತು. ಆದರೂ ಗಾಡಿ ಕೂಗಿತು. ಪಿನಿಯನ್‌ನ ಆಳವನ್ನು ಗೇಜ್ ಹೇಳುವುದಿಲ್ಲ, ಬಣ್ಣ ಹೇಳುತ್ತದೆ. ಗುರುತು ಮೇಲಿನ ಅಂಚಿನಲ್ಲಿದ್ದರೆ ದಪ್ಪ ಶಿಮ್ ಹಾಕಿ. ಹಲ್ಲಿನ ಬುಡದಲ್ಲಿದ್ದರೆ ತೆಳು ಶಿಮ್. ಶಿಮ್ ಬದಲಿಸಿದಾಗೆಲ್ಲ ಬ್ಯಾಕ್‌ಲ್ಯಾಶ್ ಮತ್ತೆ ಹೊಂದಿಸಿ, ಮತ್ತೆ ಬಣ್ಣ ಹಚ್ಚಿ. ಹಲ್ಲಿನ ಎರಡೂ ಮೈ ನೋಡಿ. ಟೈಮ್ ಇಲ್ಲ ಅನ್ನುತ್ತಾರೆ ಕೆಲವರು. ಬಣ್ಣ ಹಚ್ಚಿ ತಿರುಗಿಸೋಕೆ ಎಷ್ಟು ಹೊತ್ತು ಬೇಕು ಹೇಳಿ? ಮತ್ತೆ ಹೌಸಿಂಗ್ ಬಿಚ್ಚಲು ಇಡೀ ದಿನ ಸಿಗುತ್ತದೆಯಂತೆ, ಹತ್ತು ನಿಮಿಷ ಸಿಗುವುದಿಲ್ಲವಂತೆ!

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಪಿನಿಯನ್ ಬೇರಿಂಗ್‌ಗಳ ನಡುವೆ, ನಟ್ ಬಿಗಿದಾಗ ಕುಗ್ಗುವ ಸ್ಪೇಸರ್ ಇದ್ದರೆ ಅದು ಒಂದೇ ಸಲದ್ದು, ಹೊಸದೇ ಹಾಕಿ. ಕ್ರೌನ್ ಬೋಲ್ಟ್‌ಗಳೂ ಹೊಸವು, ಎದುರುಬದುರಾಗಿ ಬಿಗಿಯಿರಿ. ಕಂಪನಿ ಹೇಳಿದ ಗ್ರೇಡಿನ ಗೇರ್ ಆಯಿಲ್ ಹಾಕಿ. ಮೊದಲ ಓಟ 25 ಕಿಲೋಮೀಟರ್ ಸಾಕು, ಲೋಡ್ ಇಲ್ಲದೆ. ಅರ್ಧ ಗಂಟೆ ನಿಲ್ಲಿಸಿ ಆರಲು ಬಿಡಿ. ಹೀಗೆ ಮೂರ್ನಾಲ್ಕು ಸಲ. 800 ಕಿಲೋಮೀಟರ್ ಆಗುವವರೆಗೆ ಭಾರ ಎಳೆಯಬೇಡಿ, ಆಮೇಲೆ ಆ ಆಯಿಲ್ ಇಳಿಸಿ ಹೊಸದು ತುಂಬಿಸಿ. ಇಳಿಸಿದ ಆಯಿಲನ್ನು ಒಂದು ತಟ್ಟೆಗೆ ಹಿಡಿದು ಬೆಳಕಿನಲ್ಲಿ ನೋಡಿ. ಸಣ್ಣ ಬೂದು ಪುಡಿ ಕಂಡರೆ ಚಿಂತೆ ಇಲ್ಲ. ಚೂರು ಚೂರು ಲೋಹ ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ, ಹೌಸಿಂಗ್ ಬಿಚ್ಚಿಸಿ, ಬಣ್ಣದ ಡಬ್ಬಿ ತೆಗೆಯಿರಿ. ನಮಸ್ಕಾರ.