ಹಳೇ ನಾಣ್ಯ ತೊಳೀಬಹುದಾ? ತೊಳೆದಿದ್ದನ್ನ ಹೇಳ್ದೇ ಮಾರಬಹುದಾ?

ನಮಸ್ಕಾರ ರೀ ಎಲ್ರಿಗೂ, ದಾವಣಗೆರೆಯಿಂದ. ನೇರವಾಗಿ ವಿಷಯಕ್ಕೆ ಬರ್ತೀನಿ.

[ಕ್ಲೋಸಪ್: ಟೇಬಲ್ ಲ್ಯಾಂಪ್ ಕೆಳಗೆ ಎರಡು ಬೆಳ್ಳಿ ರೂಪಾಯಿ]

ಎರಡೂ 1918ರ ಐದನೇ ಜಾರ್ಜ್ ರೂಪಾಯಿ, 11.66 ಗ್ರಾಂ, ನೂರಕ್ಕೆ 91.7 ಭಾಗ ಬೆಳ್ಳಿ. ಎಡಗಡೇದು ಕಪ್ಪಗೈತೆ, ಅಂಚಲ್ಲಿ ಸ್ವಲ್ಪ ನೀಲಿ, ಸ್ವಲ್ಪ ಕಂದು. ಬಲಗಡೇದು ಫಳಫಳ. ಹೊಸದಾಗಿ ಹವ್ಯಾಸಕ್ಕೆ ಬಂದೋರು ಸೀದಾ ಬಲಗಡೆಗೇ ಕೈ ಹಾಕ್ತಾರೆ. ಈಗ ಅದನ್ನೇ ಬೆಳಕಿಗೆ ಮೆಲ್ಲಗೆ ವಾಲಿಸ್ತೀನಿ, ರಾಜನ ಕೆನ್ನೆ ನೋಡ್ರಿ, ಮೂಗಿನ ಮುಂದಿನ ಖಾಲಿ ಜಾಗ ನೋಡ್ರಿ, ಸಣ್ಣ ಸಣ್ಣ ಗೀರು, ಎಲ್ಲಾ ಒಂದೇ ದಿಕ್ಕಿಗೆ. ಯಾರೋ ಪೇಸ್ಟೋ ಬೂದಿನೋ ಹಾಕಿ ಬಟ್ಟೆಲಿ ಉಜ್ಜಿದಾರೆ. ದೇವರ ಮನೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದಂಗೆ ತಿಕ್ಕಿದಾರೆ, ಆದ್ರೆ ದೀಪ ಮುಂದಿನ ಹಬ್ಬಕ್ಕೂ ದೀಪನೇ, ನಾಣ್ಯದ್ದು ಹಂಗಲ್ಲ.

ಯಾಕಂದ್ರೆ ಟಂಕಸಾಲೆಲಿ ಅಚ್ಚು ಬಿದ್ದಾಗ ಲೋಹ ಒತ್ತಡಕ್ಕೆ ಹೊರಗಡೆ ಹರಿಯುತ್ತೆ, ಆ ಹರಿವಿನ ಗೆರೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ನಾಣ್ಯ ತಿರುಗಿಸಿದಾಗ ಬೆಳಕು ಸುತ್ತು ಹೊಡೆಯೋದು ಅದರಿಂದಲೇ. ಇದಕ್ಕೇ ಲಸ್ಟರ್ ಅಂತಾರೆ. ಒಂದು ಸಲ ಉಜ್ಜಿದ್ರೆ ಹೋಯ್ತು, ಯಾವ ಅಂಗಡೀಲೂ ವಾಪಸ್ ಸಿಗಲ್ಲ. ಮೇಲಿನ ಕಪ್ಪು ಕೊಳೆ ಅಂತ ತಿಳ್ಕೊಂಡಿರ್ತೀವಿ, ಅದು ಬೆಳ್ಳಿ ಗಾಳಿಲಿರೋ ಗಂಧಕದ ಜೊತೆ ಸೇರಿ ಆಗಿರೋ ಪದರ, ಸಿಲ್ವರ್ ಸಲ್ಫೈಡ್. ಅಂದ್ರೆ ಆ ಕಪ್ಪಲ್ಲೂ ನಾಣ್ಯದ್ದೇ ಬೆಳ್ಳಿ ಐತೆ, ಉಜ್ಜಿ ತೆಗೆದ್ರೆ ಅದೂ ಬಟ್ಟೆಗೆ ಹೋಗುತ್ತೆ.

ಸರಿ, ನನ್ನ ನಾಣ್ಯ ನನ್ನಿಷ್ಟ ಅಂತೀರಾ? ನಿಮ್ಮ ಹತ್ರ ಇರೋ ತನಕ ಒಪ್ಪೋಣ. ಮಾರೋಕೆ ಕೂತಾಗ ಕಥೆನೇ ಬೇರೆ. ಎನ್‌ಜಿಸಿ, ಪಿಸಿಜಿಎಸ್ ಥರ ಗ್ರೇಡಿಂಗ್ ಕಂಪನಿಗಳು, ಅಂದ್ರೆ ನಾಣ್ಯ ಎಷ್ಟು ಚೆನ್ನಾಗೈತೆ ಅಂತ ನೋಡಿ ನಂಬರ್ ಕೊಡೋರು, ಉಜ್ಜಿದ ನಾಣ್ಯಕ್ಕೆ ನಂಬರ್ ಗ್ರೇಡ್ ಕೊಡಲ್ಲ, ತೊಳೆದಿದ್ದು ಅಂತ ಲೇಬಲ್ ಮೇಲೇ ಬರೀತಾರೆ. ನಮ್ಮಲ್ಲಿ ಅದನ್ನೇ 'ಸೂಪರ್ ಕಂಡೀಶನ್ ಸಾರ್' ಅಂತ ದಾಟಿಸ್ತಾರೆ. ನನ್ನ ಪ್ರಕಾರ ಇದು ಮೋಸ, ಬೇರೆ ಮೆತ್ತನೆ ಪದ ಬೇಡ.

ಇನ್ನೂ ಕೆಟ್ಟದ್ದು ತಿದ್ದೋದು. ಆರನೇ ಜಾರ್ಜ್‌ದು 1939ರ ಬೆಳ್ಳಿ ರೂಪಾಯಿ ಬಲು ಅಪರೂಪ, 1938ರದ್ದು ಅದಕ್ಕಿಂತ ಸಲೀಸಾಗಿ ಸಿಗುತ್ತೆ, ಅದಕ್ಕೇ 8ನ್ನ ಕೆತ್ತಿ 9 ಮಾಡೋರಿದಾರೆ. ತಗೊಳ್ಳೋ ಮುಂಚೆ ಲೂಪ್‌, ಅಂದ್ರೆ ಸಣ್ಣ ಭೂತಗನ್ನಡಿ, ಹಿಡಿದು ಆ ಕೊನೇ ಅಂಕಿ ಸುತ್ತ ಲೋಹದ ಬಣ್ಣ ಬೇರೆ ಐತಾ, ಗೀಚಿದ ಗುರುತು ಐತಾ ನೋಡ್ರಿ. ಕಾಸಿನ ಸರದಿಂದ ಬಿಚ್ಚಿದ ನಾಣ್ಯಗಳೂ ಅಷ್ಟೇ, ಕೊಂಡಿ ಕಿತ್ತು ಬೆಸುಗೆ ಗುರುತು ಅರದಿಂದ ತಿಕ್ಕಿ ಬಿಟ್ಟಿರ್ತಾರೆ. ಆ ಗುರುತು ಇರ್ಲಿ ಬಿಡ್ರಿ, ಯಾರದೋ ಕೊರಳಲ್ಲಿತ್ತು ಅನ್ನೋದೂ ನಾಣ್ಯದ ಇತಿಹಾಸವೇ ತಾನೇ.

[ದೃಶ್ಯ: ಚಿತ್ರದುರ್ಗ, ಚಂದ್ರವಳ್ಳಿ ಕಣಿವೆ]

ಮಣ್ಣಲ್ಲಿ ಸಿಗೋ ಹಳೇ ನಾಣ್ಯಕ್ಕೂ ಇದೇ ಮಾತು. ಇಲ್ಲಿಂದ ಚಿತ್ರದುರ್ಗ ಎಷ್ಟು ದೂರ ಹೇಳ್ರಿ, ಪಕ್ಕದಲ್ಲೇ. ಅಲ್ಲಿ ಚಂದ್ರವಳ್ಳಿಲಿ ಪುರಾತತ್ವ ತಜ್ಞ ಎಂ.ಎಚ್. ಕೃಷ್ಣ ಅಗೆದ್ರು, ಆಮೇಲೆ 1947ರಲ್ಲಿ ಇನ್ನೊಬ್ಬ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್. ಶಾತವಾಹನರ ಕಾಲದ ಸೀಸದ ನಾಣ್ಯ ಸಿಕ್ತು, ರೋಮ್‌ನ ಅಗಸ್ಟಸ್, ಟಿಬೇರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯನೂ ಸಿಕ್ತು. ಯಾವ ನಾಣ್ಯ ಯಾವ ಪದರದಲ್ಲಿತ್ತು ಅಂತ ಗೊತ್ತಿದ್ರೆ ಆ ಪದರದ ಮಡಕೆ ಚೂರಿಗೂ ಕಾಲ ಹೇಳಬಹುದು. ಸೀಸಕ್ಕೆ ನಿಂಬೆಹುಳಿ, ವಿನಿಗರ್ ತಾಗಿದ್ರೆ ಲೋಹನೇ ಕರಗುತ್ತೆ, ಮೇಲಿನ ಬ್ರಾಹ್ಮಿ ಅಕ್ಷರ ಅಳಿಸಿ ಹೋಗುತ್ತೆ, ಉಳಿಯೋದು ಬರೀ ಬಿಲ್ಲೆ. ಹೊಲ ಉಳುವಾಗ ಏನಾದ್ರೂ ಸಿಕ್ರೆ ದಯವಿಟ್ಟು ತೊಳೀಬ್ಯಾಡ್ರಿ, ಮಾರಬ್ಯಾಡ್ರಿ, ಮಣ್ಣು ಸಮೇತ ಇಟ್ಟು ಡಿಸಿ ಆಫೀಸಿಗೆ ತಿಳಿಸ್ರಿ, ಅದು ಊರಿನ ಆಸ್ತಿ.

ಹಂಗಂತ ಕೈ ಮುಟ್ಟಲೇಬಾರದು ಅಂತ ಹೇಳ್ತಿಲ್ಲ. ತಾಮ್ರದ ಮೇಲೆ ತಿಳಿ ಹಸಿರು ಪುಡಿ ಉದುರ್ತಿದ್ರೆ ಅದು ಬ್ರಾಂಜ್ ಡಿಸೀಸ್, ಕ್ಲೋರೈಡ್ ಒಳಗಿಂದ ತಿಂತಿರುತ್ತೆ, ಸುಮ್ನೆ ಬಿಟ್ರೆ ನಾಣ್ಯನೇ ಹೋಗುತ್ತೆ, ತಿಳಿದೋರ ಹತ್ರ ಟ್ರೀಟ್‌ಮೆಂಟ್ ಮಾಡಿಸಲೇಬೇಕು. ಪಿವಿಸಿ ಕವರಲ್ಲಿಟ್ಟು ಅಂಟು ಹತ್ತಿದ್ರೆ ಶುದ್ಧ ಅಸಿಟೋನಲ್ಲಿ ಅದ್ದಿ ತೆಗೀಬಹುದು, ಅದು ಲೋಹಕ್ಕೆ ಏನೂ ಮಾಡಲ್ಲ. ಉಜ್ಜಬಾರದು ಅಷ್ಟೇ, ಕಿಟಕಿ ತೆಗೆದಿಟ್ಟಿರ್ರಿ, ಬೆಂಕಿ ಹತ್ರ ಮಾತ್ರ ಬೇಡವೇ ಬೇಡ.

ಮತ್ತೆ ಈಗಾಗ್ಲೇ ತೊಳೆದಿರೋದು ಮನೇಲಿದ್ರೆ? ಗಂಧಕ ಹಚ್ಚಿ, ಓವನ್‌ನಲ್ಲಿಟ್ಟು ಮತ್ತೆ ಕಪ್ಪು ಮಾಡೋಕೆ ಹೋಗಬ್ಯಾಡ್ರಿ, ಅದು ಎರಡನೇ ಸುಳ್ಳು. ನಾಣ್ಯ ಇಡೋ ಹೋಲ್ಡರ್ ಮೇಲೆ ಪೆನ್ನಲ್ಲಿ 'ತೊಳೆದದ್ದು' ಅಂತ ಬರೆದಿಡ್ರಿ, ಮಾರೋದಾದ್ರೆ ಅದನ್ನ ತೋರಿಸೇ ಮಾರ್ರಿ. ರೇಟು ಕಮ್ಮಿ ಆಗುತ್ತೆ ನಿಜ, ಆದ್ರೂ ಗೊತ್ತಿದ್ದೂ ಇಷ್ಟಪಟ್ಟು ತಗೊಳ್ಳೋರು ಇದಾರೆ, ಅವರಿಗೇ ಕೊಡ್ರಿ.