ಒಂದು ಬ್ರೇಕಿಗೆ ಮೂರು ಚಮಚ ಪೆಟ್ರೋಲ್

[ದೃಶ್ಯ: ಅಡುಗೆಮನೆ ಕಟ್ಟೆ. ಖಾಲಿ ಗಾಜಿನ ಲೋಟ. ಟೀ ಚಮಚದಲ್ಲಿ ಬಣ್ಣದ ನೀರು ಒಂದು, ಎರಡು, ಮೂರು ಸಲ ಲೋಟಕ್ಕೆ ಬೀಳುತ್ತದೆ.]

ನಮಸ್ಕಾರ. ಈ ಲೋಟದಲ್ಲಿ ಮೂರು ಚಮಚ ಬಣ್ಣದ ನೀರಿದೆ. 15 ಮಿಲಿಲೀಟರ್. ಇದನ್ನು ಪೆಟ್ರೋಲ್ ಅಂದುಕೊಳ್ಳಿ. ನಿಮ್ಮ ಸಣ್ಣ ಕಾರು 60ರಲ್ಲಿ ಹೋಗುತ್ತಿದೆ, ಎದುರಿಗೆ ಸಿಗ್ನಲ್ ಕೆಂಪಾಗಿದೆ, ನೀವು ಬ್ರೇಕ್ ಒತ್ತಿ ನಿಲ್ಲಿಸಿದಿರಿ. ಇಷ್ಟು ಪೆಟ್ರೋಲ್ ಹೋಯಿತು. ಸುಮಾರು ಒಂದೂವರೆ ರೂಪಾಯಿ. ದಿನಕ್ಕೆ ಎಷ್ಟು ಸಲ ಹೀಗೆ ನಿಲ್ಲಿಸುತ್ತೀರಿ, ನೀವೇ ನೆನಪು ಮಾಡಿಕೊಳ್ಳಿ.

ಈ ಲೆಕ್ಕ ನನಗೆ ಹೊಳೆದದ್ದು ನಮ್ಮ ಭಾವನಿಂದ.

[ದೃಶ್ಯ: ಕಾರಿನೊಳಗಿಂದ ಬೆಳಗಿನ ಹೊರ ವರ್ತುಲ ರಸ್ತೆ.]

ನನ್ನದು ಒಂದು ಲೀಟರ್ ಎಂಜಿನ್ನಿನ ಸಣ್ಣ ಪೆಟ್ರೋಲ್ ಕಾರು. ಮೂರು ಸಿಲಿಂಡರ್, ಐದು ಗೇರ್, ಮ್ಯಾನುಯಲ್. ಬೆಂಗಳೂರಿನ ಬನಶಂಕರಿಯಿಂದ ಮಾರತ್ತಹಳ್ಳಿಗೆ ದಿನಾ ಆಫೀಸು. ಒಂದು ಕಡೆಗೆ ಸುಮಾರು 17 ಕಿಲೋಮೀಟರ್, ನಡುವೆ ಟ್ರಾಫಿಕ್ಕಿಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್. ಎಷ್ಟೇ ಜಾಗ್ರತೆ ಮಾಡಿದರೂ ಲೀಟರಿಗೆ 14ರ ಮೇಲೆ ಹೋಗುತ್ತಿರಲಿಲ್ಲ. ಸರ್ವಿಸ್ ಮಾಡಿಸಿದೆ, ಏರ್ ಫಿಲ್ಟರ್ ಬದಲಿಸಿದೆ, ಒಂದು ತಿಂಗಳು ದುಬಾರಿ ಪ್ರೀಮಿಯಂ ಪೆಟ್ರೋಲ್ ಕೂಡ ಹಾಕಿಸಿದೆ. ಅದೇ 14.

ಆಗ ಹಾಸನದಿಂದ ಭಾವ ಬಂದರು. ಹತ್ತು ದಿನ ನನ್ನ ಕಾರು ಅವರ ಕೈಯಲ್ಲಿತ್ತು. ನನ್ನನ್ನು ಆಫೀಸಿಗೆ ಬಿಟ್ಟು, ಸಂಜೆ ಕರೆದುಕೊಂಡು ಬರುತ್ತಿದ್ದರು. ಅದೇ ರಸ್ತೆ, ಅದೇ ಟ್ರಾಫಿಕ್, ಅದೇ ಬಂಕಿನ ಪೆಟ್ರೋಲ್. ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದರೆ 17. ತಿಂಗಳಿಗೆ 900 ಕಿಲೋಮೀಟರ್ ಓಡಿಸುವ ನನಗೆ ಇದು 11 ಲೀಟರಿನ ವ್ಯತ್ಯಾಸ. ಅಂದರೆ ತಿಂಗಳಿಗೆ ಸಾವಿರ ರೂಪಾಯಿಗೂ ಜಾಸ್ತಿ.

ಅವರು ಏನೂ ನಿಧಾನವಾಗಿ ಓಡಿಸಲಿಲ್ಲ. ಆಫೀಸಿಗೆ ನಾನು ಎಷ್ಟು ಹೊತ್ತಿಗೆ ಮುಟ್ಟುತ್ತಿದ್ದೆನೋ ಅವರೂ ಅಷ್ಟೇ ಹೊತ್ತಿಗೆ ಮುಟ್ಟಿಸುತ್ತಿದ್ದರು. ಮೂರನೇ ದಿನ ಅವರ ಕಾಲನ್ನು ಗಮನಿಸಿದೆ. ಆ ಮನುಷ್ಯ ಬ್ರೇಕನ್ನು ಮುಟ್ಟುವುದೇ ಅಪರೂಪ. ಕೊನೆಗೆ ಒಂದು ದಿನ ನಾನು ಓಡಿಸುವಾಗ ಪಕ್ಕದಲ್ಲಿ ಕೂತು ಹೇಳಿದರು: "ಅಲ್ಲಪ್ಪಾ, ಅಷ್ಟು ದೂರದಿಂದಲೇ ಕೆಂಪು ಲೈಟ್ ಕಾಣ್ತಿದೆ. ಹೋಗಿ ನಿಂತ್ಕೊಳ್ಳೋಕೆ ಯಾಕಿಷ್ಟು ಆತುರ?"

ಮೈಲೇಜ್ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

[ತೆರೆಯ ಮೇಲೆ: ಕಾರು ಮತ್ತು ಚಾಲಕ 900 ಕೆಜಿ, ವೇಗ 60 = ಸುಮಾರು 125 ಕಿಲೋಜೂಲ್]

ಈಗ ಮೂರು ಚಮಚದ ಲೆಕ್ಕ. ಸಣ್ಣ ಕಾರು, ಜೊತೆಗೆ ಓಡಿಸುವವರು, ಎಲ್ಲಾ ಸೇರಿ 900 ಕೆಜಿ ಅಂತಿಟ್ಟುಕೊಳ್ಳಿ. 60ರಲ್ಲಿ ಓಡುವಾಗ ಆ ಕಾರಿನಲ್ಲಿ ಸುಮಾರು 125 ಕಿಲೋಜೂಲ್ ಚಲನಶಕ್ತಿ ಇರುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಇರುವುದು ಸುಮಾರು 32,000 ಕಿಲೋಜೂಲ್. ಅಬ್ಬಾ ಎಷ್ಟೊಂದು ಅನ್ನಿಸುತ್ತೆ ಅಲ್ವಾ? ಆದರೆ ಚಕ್ರದವರೆಗೆ ಬರುವುದು ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ಉಳಿದದ್ದು ರೇಡಿಯೇಟರ್‌ನಲ್ಲಿ, ಸೈಲೆನ್ಸರ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಕೈಗೆ ಸಿಗುವುದು 8,000. ಆ 125ನ್ನು ಈ 8,000ದಿಂದ ಭಾಗಿಸಿದರೆ 15 ಮಿಲಿಲೀಟರ್ ಚಿಲ್ಲರೆ. ಮೂರು ಚಮಚ.

ಬ್ರೇಕ್ ಒತ್ತಿದಾಗ ಆ 125 ಕಿಲೋಜೂಲ್ ಅಷ್ಟೂ ಡಿಸ್ಕ್ ಮತ್ತು ಡ್ರಮ್ಮಿನಲ್ಲಿ ಶಾಖವಾಗಿ ಗಾಳಿಗೆ ಹೋಗುತ್ತದೆ. ವಾಪಸ್ ಸಿಗುವುದಿಲ್ಲ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳು ಅದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತವೆ. ಊರೊಳಗೆ ಅವು ಗೆಲ್ಲುವುದಕ್ಕೆ ಇದೂ ಒಂದು ದೊಡ್ಡ ಕಾರಣ. ನಮ್ಮ ಸಾದಾ ಪೆಟ್ರೋಲ್ ಕಾರಿಗೆ ಆ ಅನುಕೂಲ ಇಲ್ಲ. ನಮಗಿರುವುದು ಒಂದೇ ದಾರಿ: ನಿಲ್ಲಿಸಬೇಕಾದ ವೇಗವನ್ನು ಮೊದಲೇ ಹುಟ್ಟಿಸದೆ ಇರುವುದು.

ವೇಗ ಎರಡು ಪಟ್ಟಾದರೆ ಈ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇದನ್ನು ಮರೀಬೇಡಿ. ನಮ್ಮ ಬಡಾವಣೆಗಳ ಹಂಪ್‌ಗಳನ್ನೇ ನೋಡಿ.

[ದೃಶ್ಯ: ಸಾಲು ಹಂಪ್‌ಗಳಿರುವ ಬಡಾವಣೆ ರಸ್ತೆ.]

ಒಂದು ಹಂಪಿನಿಂದ ಇನ್ನೊಂದಕ್ಕೆ 150 ಮೀಟರ್. ಸುಮಾರು ಜನ ಇಲ್ಲಿ 40ಕ್ಕೆ ಏರಿಸುತ್ತಾರೆ, ಹಂಪ್ ಬಂದಾಗ 10ಕ್ಕೆ ಇಳಿಸುತ್ತಾರೆ. ಪ್ರತಿ ಸಲ ಒಂದು ಚಮಚಕ್ಕಿಂತ ಸ್ವಲ್ಪ ಜಾಸ್ತಿ ಪೆಟ್ರೋಲ್ ಬ್ರೇಕಿಗೆ ಹೋಗುತ್ತದೆ. ಅದೇ 25ರಲ್ಲಿ ಹೋದರೆ ನಷ್ಟ ಮೂರರಲ್ಲಿ ಒಂದು ಪಾಲು. ಸಮಯ? ಕೆಲವು ಸೆಕೆಂಡ್ ಅಷ್ಟೇ. ಹತ್ತು ಹಂಪ್ ದಾಟುವಷ್ಟರಲ್ಲಿ, 40ಕ್ಕೆ ಏರಿಸಿ ಇಳಿಸುವವರು ಒಂದು ಕಿಲೋಮೀಟರ್ ಓಡುವಷ್ಟು ಪೆಟ್ರೋಲನ್ನು ಬರೀ ಬ್ರೇಕಿಗೆ ಕೊಟ್ಟಿರುತ್ತಾರೆ.

ಹಾಗಾದರೆ ಸಿಗ್ನಲ್ ದೂರದಲ್ಲಿ ಕೆಂಪಾಗಿ ಕಂಡಾಗ ಏನು ಮಾಡಬೇಕು? ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಗೇರ್ ಹಾಗೇ ಇರಲಿ. ಕ್ಲಚ್ ಮುಟ್ಟಬೇಡಿ. ನ್ಯೂಟ್ರಲ್‌ಗೆ ಹಾಕಬೇಡಿ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಮನೆಗಳಲ್ಲಿ ಇವತ್ತಿಗೂ ಓಡಾಡುವ ಒಂದು ತಪ್ಪು ತಿಳಿವಳಿಕೆ ಇದೆ. "ಇಳಿಜಾರಲ್ಲಿ ನ್ಯೂಟ್ರಲ್ ಹಾಕು, ಪೆಟ್ರೋಲ್ ಉಳಿಯುತ್ತೆ." ಕಾರ್ಬ್ಯುರೇಟರ್ ಇದ್ದ ಹಳೇ ಕಾಲದ ಗಾಡಿಗಳಲ್ಲಿ ಈ ಮಾತಿಗೆ ಸ್ವಲ್ಪ ಅರ್ಥ ಇತ್ತು. ಈಗಿನ ಕಾರುಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಇದೆ. ಗೇರ್‌ನಲ್ಲಿದ್ದಾಗ ಕಾಲು ತೆಗೆದರೆ ಕಾರಿನ ಕಂಪ್ಯೂಟರಿಗೆ ಗೊತ್ತಾಗುತ್ತದೆ: ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿವೆ, ಪೆಟ್ರೋಲ್ ಬೇಕಾಗಿಲ್ಲ. ಅದು ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಮುಚ್ಚಿಬಿಡುತ್ತದೆ. ಖರ್ಚು ಸೊನ್ನೆ. ವೇಗ ತುಂಬಾ ಇಳಿದು ಎಂಜಿನ್ ನಿಂತುಹೋಗುವ ಹಂತ ಹತ್ತಿರವಾದಾಗ ಮಾತ್ರ ಮತ್ತೆ ತೆರೆಯುತ್ತದೆ. ಅದೇ ನ್ಯೂಟ್ರಲ್‌ಗೆ ಹಾಕಿದರೆ? ಎಂಜಿನ್ ತಾನೇ ತಿರುಗುತ್ತಿರಬೇಕು, ಅದಕ್ಕೆ ಪೆಟ್ರೋಲ್ ಬೇಕು. ಉಳಿಸಲು ಹೋಗಿ ಖರ್ಚು ಮಾಡಿದ ಹಾಗಾಯಿತು.

ಪೆಟ್ರೋಲಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವವರು, ಆಗುಂಬೆ ತಿರುವು ಇಳಿಯುವವರು, ದಯವಿಟ್ಟು ಕೇಳಿ. ನ್ಯೂಟ್ರಲ್‌ನಲ್ಲಿ ಇಳಿದರೆ ಕಾರಿನ ಅಷ್ಟೂ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಬಿಸಿಯಾಗುತ್ತದೆ, ಅತಿಯಾಗಿ ಕಾದ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಎಂಜಿನ್ನೇ ಆಫ್ ಮಾಡಿ ಇಳಿಯುವವರನ್ನೂ ನೋಡಿದ್ದೇನೆ. ಎಂಜಿನ್ ನಿಂತರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ಎರಡನೇ ಗೇರ್‌ನಲ್ಲಿ, ಕಾಲು ತೆಗೆದು ಇಳಿಯಿರಿ. ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಪೆಟ್ರೋಲೂ ಖರ್ಚಾಗುವುದಿಲ್ಲ.

ಇನ್ನು ವೇಗ ಏರಿಸುವ ವಿಚಾರ. "ಆಕ್ಸಿಲರೇಟರನ್ನು ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ಒತ್ತು" ಅನ್ನುತ್ತಾರೆ. ಇದು ಅರ್ಧ ಸರಿ. ಎಳನೀರು ಕುಡಿಯುವಾಗ ಸ್ಟ್ರಾವನ್ನು ಬೆರಳಲ್ಲಿ ಅಮುಕಿ ಹಿಡಿದು ನೋಡಿ. ಎಳೆಯೋಕೆ ಎಷ್ಟು ಕಷ್ಟ! ಪೆಟ್ರೋಲ್ ಎಂಜಿನ್ನಿನ ಕಷ್ಟವೂ ಇದೇ. ಆಕ್ಸಿಲರೇಟರ್ ಒತ್ತಿದಷ್ಟೂ ತೆರೆದು ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಮುಕ್ಕಾಲು ಮುಚ್ಚಿದ್ದರೆ ಗಾಳಿ ಎಳೆದುಕೊಳ್ಳುವುದಕ್ಕೇ ಅದರ ಶಕ್ತಿಯ ಒಂದು ಪಾಲು ಹೋಗುತ್ತದೆ. ಎರಡನೇ ಗೇರ್‌ನಲ್ಲಿ ಬಹಳ ಹೊತ್ತು ಮೆಲ್ಲಗೆ ತೆವಳುವುದಕ್ಕಿಂತ, ಹದವಾಗಿ ಒತ್ತಿ, 2,000ದಿಂದ 2,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಒಳಗೆ ಗೇರ್ ಬದಲಿಸುತ್ತಾ ಬೇಗ ಮೇಲಿನ ಗೇರ್‌ಗೆ ಹೋಗುವುದು ಒಳ್ಳೆಯದು. ಹಾಗಂತ 30ರಲ್ಲಿ ಐದನೇ ಗೇರ್ ಬೇಡ. ಮೂರು ಸಿಲಿಂಡರ್ ಎಂಜಿನ್ ಗಡಗಡ ನಡುಗಿದರೆ ಅದು ಕೆಳಗಿನ ಗೇರ್ ಕೇಳುತ್ತಿದೆ ಅಂತ ಅರ್ಥ.

ಸಿಗ್ನಲ್‌ನಲ್ಲಿ ಆಫ್ ಮಾಡಬೇಕಾ? ಇಷ್ಟು ಸಣ್ಣ ಎಂಜಿನ್ ಸುಮ್ನೆ ನಿಂತು ತಿರುಗುವುದಕ್ಕೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ. ಏಸಿ ಇದ್ದರೆ ಇನ್ನೂ ಜಾಸ್ತಿ. ಎರಡು ನಿಮಿಷ ನಿಂತರೆ ಸುಮಾರು ನಾಲ್ಕು ಚಮಚ. ಸಿಗ್ನಲ್‌ನಲ್ಲಿ ಸೆಕೆಂಡ್ ಎಣಿಕೆ ಕಾಣಿಸುತ್ತಿದ್ದು, 30ಕ್ಕಿಂತ ಜಾಸ್ತಿ ಉಳಿದಿದ್ದರೆ ನಾನು ಆಫ್ ಮಾಡುತ್ತೇನೆ. ಬ್ಯಾಟರಿ ಹಳೆಯದಾಗಿದ್ದರೆ ಮಾಡಬೇಡಿ.

[ದೃಶ್ಯ: ಪ್ರಯೋಗಾಲಯದಲ್ಲಿ ರೋಲರುಗಳ ಮೇಲೆ ನಿಂತಲ್ಲೇ ಓಡುವ ಕಾರಿನ ರೇಖಾಚಿತ್ರ.]

"ಕಂಪನಿಯವರು 24 ಅಂದಿದ್ದರು, ನನಗೆ 15 ಬರುತ್ತಿದೆ, ಮೋಸ ಅಲ್ವಾ?" ಇದು ಎಲ್ಲರ ಪ್ರಶ್ನೆ. ಮೋಸ ಅಲ್ಲ, ಪರೀಕ್ಷೆಯೇ ಬೇರೆ. ನಾವು ಎಆರ್‌ಎಐ ಮೈಲೇಜ್ ಅಂತ ಕರೆಯುತ್ತೇವಲ್ಲ, ಆ ಹೆಸರು ಪುಣೆಯ ವಾಹನ ಸಂಶೋಧನಾ ಸಂಸ್ಥೆಯದು. ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ, ಪ್ರಯೋಗಾಲಯದ ರೋಲರುಗಳ ಮೇಲೆ. 1,180 ಸೆಕೆಂಡ್, ಅಂದರೆ 20 ನಿಮಿಷಕ್ಕೂ ಕಡಿಮೆ. ಅತಿ ಹೆಚ್ಚು ವೇಗ 90, ಸರಾಸರಿ ಸುಮಾರು 32. ಏಸಿ ಆಫ್. ಹಂಪ್ ಇಲ್ಲ, ಅಡ್ಡ ಬರುವ ಆಟೋ ಇಲ್ಲ. ಎರಡು ಕಾರುಗಳನ್ನು ಹೋಲಿಸಲು ಆ ಸಂಖ್ಯೆ ಉಪಯೋಗ. ಸಿಲ್ಕ್ ಬೋರ್ಡಿನಲ್ಲಿ ನಿಮಗೆ ಎಷ್ಟು ಬರುತ್ತದೆ ಅಂತ ಅದು ಹೇಳುವುದಿಲ್ಲ.

ಹೈವೇಯಲ್ಲಿ ಕಥೆ ಬದಲಾಗುತ್ತದೆ. ಅಲ್ಲಿ ಬ್ರೇಕ್ ಕಡಿಮೆ, ವೈರಿ ಗಾಳಿ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 80ರಲ್ಲಿ ಹೋಗುವವರಿಗಿಂತ 100ರಲ್ಲಿ ಹೋಗುವವರಿಗೆ ಗಾಳಿಯ ತಡೆ 56 ಶೇಕಡಾ ಜಾಸ್ತಿ. ಸಣ್ಣ ಕಾರುಗಳು ಎತ್ತರಕ್ಕೆ, ಡಬ್ಬಿಯ ಹಾಗೆ ಇರುವುದರಿಂದ ಇದು ಚೆನ್ನಾಗಿಯೇ ತಟ್ಟುತ್ತದೆ. ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿಡಿ. ಈ ವೇಗದಲ್ಲಿ ಕಿಟಕಿ ತೆಗೆಯುವ ಬದಲು ಏಸಿ ಹಾಕಿಕೊಳ್ಳಿ, ಪರವಾಗಿಲ್ಲ.

ಟೈರ್. ಪಂಕ್ಚರ್ ಅಂಗಡಿಯವರು "ಎಷ್ಟು ಹಾಕ್ಲಿ ಸಾರ್?" ಅಂತ ಕೇಳಿದರೆ "ನೀವೇ ನೋಡಿ ಹಾಕಿ" ಅನ್ನಬೇಡಿ. ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದಲ್ಲಿ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಬರೆದಿರುತ್ತದೆ. ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ಗಾಳಿ ನೋಡಿಸಿ. ಹದಿನೈದು ದಿನಕ್ಕೊಮ್ಮೆ ಸಾಕು.

ಪ್ರೀಮಿಯಂ ಪೆಟ್ರೋಲ್ ನಿಮ್ಮ ಸಣ್ಣ ಕಾರಿಗೆ ಬೇಡ. ಅದಕ್ಕಾಗಿ ಮಾಡಿದ ಎಂಜಿನ್ ಅಲ್ಲ ಅದು.

ಪೆಟ್ರೋಲಿಗೆ ಎಥನಾಲ್ ಬೆರೆಸಿದ್ದರಿಂದ ಮೈಲೇಜ್ ಬಿತ್ತು ಅಂತ ತುಂಬಾ ಸಿಟ್ಟು ಇದೆ, ಗೊತ್ತು. 20 ಶೇಕಡಾ ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಲೀಟರಿಗೆ ಲೀಟರ್ ನೋಡಿದರೆ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಇ20ಯಲ್ಲಿ, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ, ಆರೇಳು ಶೇಕಡಾ ಶಕ್ತಿ ಕಡಿಮೆ. ಮೊದಲಿದ್ದ, 10 ಶೇಕಡಾ ಎಥನಾಲ್‌ನ ಇ10ಕ್ಕೆ ಹೋಲಿಸಿದರೆ ಅದರ ಅರ್ಧ. ಮೈಲೇಜ್ ಸ್ವಲ್ಪ ಇಳಿಯುವುದು ನಿಜ, ನಿಮ್ಮ ಅನುಮಾನ ಸುಳ್ಳಲ್ಲ. ಆದರೆ 17 ಇದ್ದದ್ದು 12 ಆದರೆ ಕಾರಣ ಎಥನಾಲ್ ಒಂದೇ ಅಲ್ಲ. ಬ್ರೇಕ್ ಹಿಡಿದುಕೊಂಡಿದೆಯಾ, ಟೈರಿನಲ್ಲಿ ಗಾಳಿ ಇದೆಯಾ, ಮೆಕ್ಯಾನಿಕ್ ಹತ್ತಿರ ತೋರಿಸಿ.

[ದೃಶ್ಯ: ಬಂಕ್. ಮೀಟರಿನಲ್ಲಿ ಸೊನ್ನೆ. ಕೈಯಲ್ಲಿ ಸಣ್ಣ ನೋಟ್‌ಬುಕ್.]

ಇದೆಲ್ಲಾ ಗೊತ್ತಾಗಬೇಕಾದರೆ ಅಳೆಯಬೇಕು. ಸಲಕ್ಕೆ 500 ರೂಪಾಯಿದು ಹಾಕಿಸುವವರಿಗೆ ತಮ್ಮ ಮೈಲೇಜ್ ಯಾವತ್ತೂ ಗೊತ್ತಾಗುವುದಿಲ್ಲ. ಒಂದು ಸಲ ಫುಲ್ ಟ್ಯಾಂಕ್ ಮಾಡಿಸಿ. ನಾಜಲ್ ತಾನಾಗಿ ಕಟ್ ಆದ ಕೂಡಲೇ ಸಾಕು ಅನ್ನಿ. ಅದರ ಮೇಲೆ ತುಂಬಿಸಿದರೆ ಪೆಟ್ರೋಲ್ ಆವಿ ಹಿಡಿಯುವ ಇದ್ದಿಲ ಡಬ್ಬಿಗೆ ಪೆಟ್ರೋಲೇ ಹೋಗಿ ಅದು ಹಾಳಾಗುತ್ತದೆ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕ್ ಕಾಲು ಭಾಗಕ್ಕೆ ಬಂದಾಗ ಅದೇ ಬಂಕ್, ಅದೇ ಪಂಪ್, ಮತ್ತೆ ಕಟ್ ಆಗುವವರೆಗೆ. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ ಬರೆದಿಡಿ. ಒಂದೇ ಟ್ಯಾಂಕನ್ನು ನಂಬಬೇಡಿ. ಡ್ಯಾಶ್‌ಬೋರ್ಡಿನ ಸಂಖ್ಯೆಯನ್ನು ಅಂದಾಜು ಅಂತ ಮಾತ್ರ ನೋಡಿ.

ಭಾವ ಊರಿಗೆ ಹೋದ ಮೇಲಿನ ನನ್ನ ಮೂರು ಟ್ಯಾಂಕ್: 15.9, 16.6, 16.8. ಅವರ 17 ಇನ್ನೂ ಮುಟ್ಟಿಲ್ಲ. ಇನ್ನೊಂದು ಬದಲಾವಣೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಕಾರು ಹತ್ತಿದರೆ ಓಕರಿಕೆ ಅನ್ನುತ್ತಿದ್ದ ಅಮ್ಮ ಈಗ ಹಿಂದಿನ ಸೀಟಿನಲ್ಲಿ ಆರಾಮಾಗಿ ನಿದ್ದೆ ಮಾಡುತ್ತಾರೆ.

[ದೃಶ್ಯ: ಕಾರಿನೊಳಗಿನ ಕ್ಯಾಮೆರಾ. ಕತ್ತರಿಸದ ಒಂದೇ ಶಾಟ್. ಮೂಲೆಯಲ್ಲಿ ಪೆಡಲ್‌ಗಳು ಕಾಣುವ ಸಣ್ಣ ಚೌಕ.]

ಇವತ್ತು ಬೆಳಿಗ್ಗೆ ತೆಗೆದದ್ದು ಇದು. ಮುಂದೆ ಕೆಂಪು ದೀಪ, ಸುಮಾರು 200 ಮೀಟರ್ ಇದೆ. ನಾನು 45ರಲ್ಲಿ ಇದ್ದೇನೆ. ಹಿಂದೆ ಯಾರೂ ಹತ್ತಿರ ಇಲ್ಲ, ಕನ್ನಡಿ ನೋಡಿಕೊಂಡೆ. ಈಗ ಕಾಲು ತೆಗೆದೆ. ಇಂಜೆಕ್ಟರ್ ಮುಚ್ಚಿತು. 40. 35. ಎಡಗಡೆಯಿಂದ ಒಂದು ಕಾರು ಜೋರಾಗಿ ಮುಂದೆ ಹೋಯಿತು, ಹೋಗಲಿ. ಮೂರನೇ ಗೇರ್. 30. ನೋಡಿ, ಆ ಕಾರು ಸಿಗ್ನಲ್‌ನಲ್ಲಿ ನಿಂತಿದೆ. 25, ಎರಡನೇ ಗೇರ್. ಹಸಿರು ಬಂತು. ಮುಂದಿನವರು ಹೊರಟರು. ಅವರ ಹಿಂದೆಯೇ ನಾನೂ ಹೊರಟೆ. ಬ್ರೇಕ್ ಮುಟ್ಟಲಿಲ್ಲ.