ಮೂರು ನಿಮಿಷದ ಹಾಡು, ಸ್ವಂತ ಭಾಷೆ: ಯೂರೋವಿಷನ್‌ನಲ್ಲಿ ಪೋರ್ಚುಗಲ್

ಸ್ನೇಹಿತರೇ, 1999ರಲ್ಲಿ ಸ್ವಂತ ಭಾಷೆಯಲ್ಲೇ ಹಾಡಬೇಕೆಂಬ ನಿರ್ಬಂಧ ತೆಗೆದ ಮೇಲೆ, ಯುರೋಪಿನ ದೇಶಗಳ ವಾರ್ಷಿಕ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ಗೆ ಹಾಡು ಕಳಿಸುವ ಬಹುಪಾಲು ದೇಶಗಳು ಇಂಗ್ಲಿಷಿನತ್ತ ವಾಲಿದವು. ಹೊರಗಿನವರಿಗೆ ಅರ್ಥವಾಗದಿದ್ದರೆ ವೋಟು ಬೀಳದು ಎಂಬ ಭಯ. ಆ ಭಯ ಸುಳ್ಳು ಎಂದು ವಾದಿಸಲು ನಿಂತಿದ್ದೇನೆ. ನನ್ನ ಸಾಕ್ಷಿ ಪೋರ್ಚುಗಲ್.

1964ರಲ್ಲಿ ಮೊದಲ ಸಲ ಬಂದಾಗ ಆ ದೇಶಕ್ಕೆ ಸಿಕ್ಕಿದ್ದು ಸೊನ್ನೆ. 1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಪೌಲೊ ಡಿ ಕರ್ವಾಲ್ಯೊ ಹಾಡಿದರು. ಮೂರೇ ಅಂಕ, ಕಟ್ಟಕಡೆಯ ಸ್ಥಾನ, ಅದನ್ನೂ ಬೇರೆ ದೇಶಗಳ ಜೊತೆ ಹಂಚಿಕೊಂಡು. ಗೆದ್ದವರು ಸ್ವೀಡನ್ನಿನ ಅಬ್ಬಾ ತಂಡ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ, ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಏಪ್ರಿಲ್ 24ರ ರಾತ್ರಿ 10:55ಕ್ಕೆ ಲಿಸ್ಬನ್ನಿನ ಒಂದು ರೇಡಿಯೊ ಕೇಂದ್ರ ಅದೇ ಹಾಡನ್ನು ಹಾಕಿತು. ದಂಗೆಗೆ ಸಜ್ಜಾಗಿ ಎಂದು ಸೈನಿಕರಿಗೆ ಕೊಟ್ಟ ಮೊದಲ ಸಂಕೇತ ಅದು! ಪ್ರೇಮ ಮುರಿದವನ ಹಾಡು, ಊರಿಗೆಲ್ಲ ಪರಿಚಿತ, ರಾಜಕೀಯದ ಸುಳಿವಿಲ್ಲ; ಸೆನ್ಸಾರಿನವರಿಗೆ ಅನುಮಾನ ಬರುವ ಹಾಗಿರಲಿಲ್ಲ. ನಡುರಾತ್ರಿ ಕಳೆದ ಮೇಲೆ ಎರಡನೆಯ ಹಾಡು, ಎರಡನೆಯ ಸಂಕೇತ. ಮರುದಿನ ದಶಕಗಳ ಸರ್ವಾಧಿಕಾರ ಉರುಳಿತು. ಮೂರು ಅಂಕದ ಹಾಡು ಸ್ವಾಮಿ, ಮೂರು ಅಂಕದ್ದು.

ಈಗ 2017, ಉಕ್ರೇನಿನ ಕೀವ್. ಲೂಯಿಸಾ ಸೊಬ್ರಾಲ್ ಬರೆದು ರಾಗ ಹಾಕಿದ ಪೋರ್ಚುಗೀಸ್ ಹಾಡು, ಹಾಡಿದ್ದು ಆಕೆಯ ತಮ್ಮ ಸಾಲ್ವಡೋರ್. ನಿಯಮಗಳು ನಿಮಗೆ ಗೊತ್ತು: ಮೂರು ನಿಮಿಷ, ವೇದಿಕೆಯಲ್ಲಿ ಆರು ಜನರ ಮಿತಿ, ವಾದ್ಯಗಳೆಲ್ಲ ಮೊದಲೇ ಧ್ವನಿಮುದ್ರಿತ, ಗಾಯನವೆಲ್ಲ ಆಗ ಸ್ಥಳದಲ್ಲೇ. ಎಡವುವುದು ಇಲ್ಲೇ. ಕುಣಿಯುತ್ತ ಹಾಡಿದರೆ ಉಸಿರು ಸಾಲದು, ಸಾಲಿನ ಕೊನೆಯಲ್ಲಿ ಶ್ರುತಿ ಇಳಿಯುತ್ತದೆ, ಏದುಸಿರನ್ನೂ ಮೈಕು ಹಿಡಿಯುತ್ತದೆ. ನಿಧಾನದ ಹಾಡಿಗೆ ಇನ್ನೊಂದು ಅಪಾಯ: ಗಾಯಕ ಪದವನ್ನು ಹಿಂದಕ್ಕೆಳೆದು ಹಾಡಬಹುದು, ಆದರೆ ಧ್ವನಿಮುದ್ರಿಕೆ ಅವನಿಗಾಗಿ ಕಾಯದು, ಸಮಕ್ಕೆ ಬಂದು ಸೇರಲೇಬೇಕು. ಸಾಲ್ವಡೋರ್‌ಗೆ ಹೃದಯದ ಕಾಯಿಲೆ ಇದ್ದುದರಿಂದ ಮೊದಲ ತಾಲೀಮುಗಳಲ್ಲಿ ಅಕ್ಕನೇ ನಿಂತು ಹಾಡಿದರು. ಫೈನಲ್‌ನಲ್ಲಿ ನೃತ್ಯವಿಲ್ಲ, ಬೆಂಕಿಯಿಲ್ಲ; ಪ್ರೇಕ್ಷಕರ ನಡುವಿನ ಪುಟ್ಟ ವೇದಿಕೆಯಲ್ಲಿ ಒಬ್ಬನೇ ಮನುಷ್ಯ.

ಇದನ್ನೇ ಇಂಗ್ಲಿಷಿಗೆ ತಂದಿದ್ದರೆ? ಸ್ವರ ಎಳೆಯುವ ಜಾಗಕ್ಕೆ ಒಗ್ಗದ ಅಕ್ಷರ ಬಂದು ಕೂರುತ್ತಿತ್ತು. ಡಬ್ಬಿಂಗ್ ಹಾಡು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇನ್ನು ಫಲಿತಾಂಶ: ತೀರ್ಪುಗಾರರಿಂದ 382 ಅಂಕ, ವೀಕ್ಷಕರ ವೋಟಿನಿಂದ 376, ಒಟ್ಟು 758. ಎರಡೂ ಕಡೆ ಮೊದಲು. ಅರ್ಥವಾಗದ ಭಾಷೆಗೆ ವೋಟು ಬೀಳದು ಎಂದವರು ಈ 376ನ್ನು ನೋಡಲಿ.

ಸಮಯವಾಯಿತೆಂದು ಚೀಟಿ ಬಂದಿದೆ. ಟಿಪ್ಪಣಿಯಲ್ಲಿ ಇನ್ನೂ ಬಹಳ ಇದೆ, ಬಿಡುತ್ತೇನೆ. ಒಂದನ್ನು ಮಾತ್ರ ಮುಚ್ಚಿಡಬಾರದು: ಮರುವರ್ಷ ಲಿಸ್ಬನ್ನಿನಲ್ಲೇ, ಪೋರ್ಚುಗೀಸಿನಲ್ಲೇ ಹಾಡಿದ ಪೋರ್ಚುಗಲ್ 39 ಅಂಕದೊಂದಿಗೆ ಕೊನೆಗೆ ಬಿತ್ತು. ಸ್ವಂತ ಭಾಷೆ ಗೆಲುವಿನ ಖಾತರಿ ಅಲ್ಲ. 2021ರಲ್ಲಿ ಪೋರ್ಚುಗಲ್ ಮೊದಲ ಬಾರಿಗೆ ಇಡೀ ಹಾಡನ್ನು ಇಂಗ್ಲಿಷಿನಲ್ಲಿ ಕಳಿಸಿ 12ನೆಯದಾಯಿತು. ಆ ವರ್ಷದ ಮೊದಲ ಮೂರು ಹಾಡುಗಳಲ್ಲಿ ಒಂದು ಇಟಾಲಿಯನ್, ಎರಡು ಫ್ರೆಂಚ್.